ಗೇರ್ ಎಣ್ಣೆ ಕುಡಿಯುವ ಇಂಜಿನ್

(ಕಲಬುರಗಿಯಲ್ಲಿ ಹಳೇ ಕಾರು ಇಟ್ಟುಕೊಂಡವರು ಮತ್ತು ಗ್ಯಾರೇಜ್ ಕೆಲಸ ಕಲಿಯುತ್ತಿರುವ ಹುಡುಗರ ಮುಂದೆ ಒಬ್ಬ ಮೆಕ್ಯಾನಿಕ್ ಆಡಿದ ಮಾತಿನ ಬರಹ ರೂಪ)

ಮೊದಲು ಒಂದು ಕಾರಿನ ಕತೆ ಹೇಳುತ್ತೇನೆ. ಉಳಿದದ್ದೆಲ್ಲ ಅದರಿಂದಲೇ ಬರುತ್ತದೆ.

ವರ್ಷಗಳ ಹಿಂದೆ ನನ್ನ ಗ್ಯಾರೇಜಿಗೆ ಒಂದು ಷೆವರ್ಲೆ ಇಂಪಾಲಾ ಬಂತು. 1960ರ ದಶಕದ ಗಾಡಿ. ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್. ಗೇರ್ ಬಾಕ್ಸು ಪವರ್‌ಗ್ಲೈಡ್ ಅನ್ನುವ ಆಟೋಮ್ಯಾಟಿಕ್, ಎರಡೇ ಗೇರು. ಮಾಲೀಕರ ಮನೆಯ ಹಿರಿಯರು ಹೈದರಾಬಾದಿನಲ್ಲಿ ಕೊಂಡು ತಂದದ್ದು. ಈಗ ಅದಕ್ಕೆ ಇರುವ ಕೆಲಸ ಮದುವೆ ಮೆರವಣಿಗೆ ಒಂದೇ. ಉಳಿದ ದಿನ ಶೆಡ್ಡಿನಲ್ಲಿ ಬಟ್ಟೆ ಹೊದ್ದು ನಿಂತಿರುತ್ತದೆ.

ಮಾಲೀಕರು ಬಂದವರೇ ಹೇಳಿದರು: "ಮಿಸ್ತ್ರಿ, ಹೊಗಿ ಭಾಳ ಬರ್ಲಕತ್ತದ್ರಿ. ಮೆರವಣಿಗ್ಯಾಗ ಹಿಂದ ಬರೋ ಬ್ಯಾಂಡಿನವ್ರು ಮುಖಕ್ಕ ಅರಿವಿ ಕಟ್ಕೊಂಡ್ರು." ಆಮೇಲೆ ಹೊರಡುವಾಗ, ಬಾಗಿಲ ಹತ್ತಿರ ನಿಂತು ಇನ್ನೊಂದು ಮಾತು ಸೇರಿಸಿದರು: "ಗೇರ್ ಎಣ್ಣಿನೂ ಕಮ್ಮಿ ಆಗ್ಲಕತ್ತದ ನೋಡ್ರಿ. ಎರಡು ಸಲ ಹಾಕ್ಸೀನಿ."

ನಾನು ನನ್ನ ವಹಿಯಲ್ಲಿ ಎರಡು ಸಾಲು ಬರೆದುಕೊಂಡೆ. ಒಂದು, ಹೊಗೆ. ಎರಡು, ಗೇರ್ ಎಣ್ಣೆ ಸೋರಿಕೆ.

ಅಲ್ಲೇ ನಾನು ದಾರಿ ತಪ್ಪಿದೆ. ಅವರು ಸೋರುತ್ತದೆ ಅಂದಿರಲಿಲ್ಲ. ಕಡಿಮೆ ಆಗುತ್ತದೆ ಅಂದಿದ್ದರು. ಸೋರಿಕೆ ಅನ್ನುವುದು ನನ್ನ ತಲೆಯಿಂದ ಬಂದ ಮಾತು. ಜೊತೆಗೆ ಒಂದೇ ರೋಗವನ್ನು ಎರಡು ಸಾಲಾಗಿ ಬರೆದಿಟ್ಟೆ.

ಹೊಗೆ ಜಾಸ್ತಿ, ಗಾಡಿ ಹಳೆಯದು, ಸರಿ, ಪಿಸ್ಟನ್ನಿನ ರಿಂಗು ಸವೆದು ಹೋಗಿದೆ, ಇಂಜಿನ್ ಆಯಿಲ್ ಅಲ್ಲಿಂದ ಮೇಲೆ ಬಂದು ಉರಿಯುತ್ತಿದೆ ಅಂತ ತೀರ್ಮಾನ ಮಾಡಿದೆ. ಇಂಜಿನ್ ಬಿಚ್ಚಿದೆ. ನಾವು ಹಾಫ್ ಇಂಜಿನ್ ಅನ್ನುತ್ತೇವಲ್ಲ, ಆ ಕೆಲಸ. ಹೊಸ ರಿಂಗು, ಬೇರಿಂಗು, ಹೆಡ್ ಗ್ಯಾಸ್ಕೆಟ್ಟು, ವಾಲ್ವ್ ಸೀಲು. ಸಾಮಾನು ತರಿಸುವುದಕ್ಕೇ ವಾರಗಳು ಹೋದವು. ಜೋಡಿಸಿ ಸ್ಟಾರ್ಟ್ ಮಾಡಿದ ದಿನ ಅವರು ಮನೆಯವರನ್ನೂ ಕರೆದುಕೊಂಡು ಬಂದಿದ್ದರು. ಹತ್ತು ನಿಮಿಷ ಐಡ್ಲಿಂಗಿನಲ್ಲಿ, ಅಂದರೆ ನಿಂತಲ್ಲೇ ರೇಸ್ ಕೊಡದೆ, ಓಡಲು ಬಿಟ್ಟೆ. ಸೈಲೆನ್ಸರಿನಿಂದ ಅದೇ ಬಿಳಿ ಹೊಗೆ, ಅಷ್ಟೇ ದಪ್ಪ.

ಅವರು ಬೈಯಲಿಲ್ಲ. ಸುಮ್ಮನೆ ನಿಂತರು. ಅದು ನನಗೆ ಇವತ್ತಿಗೂ ಮರೆತಿಲ್ಲ. ಕೂಲಿಯ ದುಡ್ಡು ವಾಪಸ್ ಕೊಟ್ಟೆ. ಸಾಮಾನಿನ ದುಡ್ಡು ಅವರಿಗೆ ಹೋದದ್ದು ಹೋಯಿತು. ಅದಕ್ಕೇ ಇವತ್ತು ಈ ವಿಷಯ ಮಾತಾಡಲು ಒಪ್ಪಿಕೊಂಡೆ. ನಿಮ್ಮಲ್ಲಿ ಯಾರೂ ಹಾಗೆ ಒಂದು ಒಳ್ಳೆ ಇಂಜಿನ್ ಬಿಚ್ಚಬಾರದು.

ಹೊಗೆ ಅಂದರೆ ಏನು ಅಂತ ಸ್ವಲ್ಪ ನೋಡೋಣ. ಬಣ್ಣ ನೋಡಿ ಹೇಳುವುದು ನಿಮಗೆಲ್ಲ ಗೊತ್ತು. ಕಪ್ಪು ಅಂದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ. ಚೋಕ್ ಸಿಕ್ಕಿಕೊಂಡಿರಬಹುದು, ಕಾರ್ಬೊರೇಟರಿನ ಫ್ಲೋಟ್ ಕೆಟ್ಟಿರಬಹುದು, ಏರ್ ಫಿಲ್ಟರಿನಲ್ಲಿ ಧೂಳು ತುಂಬಿರಬಹುದು. ಇದಕ್ಕೆ ಹೆಚ್ಚು ಹೊತ್ತು ಬೇಡ.

ನೀಲಿ ಅಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಅದರಲ್ಲೂ ಯಾವಾಗ ಬರುತ್ತದೆ ಅನ್ನುವುದು ಮುಖ್ಯ. ಭಾರ ಎಳೆಯುವಾಗ, ರೇಸ್ ಕೊಟ್ಟಾಗ ಬಂದರೆ ರಿಂಗಿನ ಕಡೆ ನೋಡಿ. ಹುಮನಾಬಾದ್ ಕಡೆಯಿಂದ ಬರುವಾಗ ಇಳಿಜಾರಿನಲ್ಲಿ ಕಾಲು ತೆಗೆದು ಬಿಟ್ಟಿರುತ್ತೀರಿ, ಆಮೇಲೆ ಮತ್ತೆ ರೇಸ್ ಕೊಟ್ಟ ಕೂಡಲೇ ಒಂದು ಮೋಡ ಬರುತ್ತದೆ. ಅದು ವಾಲ್ವ್ ಓಡಾಡುವ ಗೈಡಿನ, ಅದರ ಸೀಲಿನ ಸುದ್ದಿ. ರಾತ್ರಿ ನಿಂತ ಗಾಡಿ ಬೆಳಗ್ಗೆ ಸ್ಟಾರ್ಟ್ ಆದಾಗ ಒಂದು ಉಸಿರು ನೀಲಿ ಬಿಟ್ಟು ನಿಂತರೆ ಅದೂ ವಾಲ್ವ್ ಸೀಲೇ.

ಬಿಳಿ ಹೊಗೆಯಲ್ಲೇ ಎಲ್ಲ ಗೊಂದಲ. ಡಿಸೆಂಬರಿನಲ್ಲಿ ಬೀದರಿನ ಕಡೆ ಬೆಳಗ್ಗೆ ಗಾಡಿ ತೆಗೆದರೆ ಬಿಳಿ ಹೊಗೆ ಬಂದೇ ಬರುತ್ತದೆ. ಅದು ಬರೀ ನೀರಿನ ಹಬೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರಿನಷ್ಟು ನೀರು ಹುಟ್ಟುತ್ತದೆ. ಚಳಿಯಲ್ಲಿ ಅದು ಕಣ್ಣಿಗೆ ಕಾಣುತ್ತದೆ, ಬಿಸಿ ಆದ ಮೇಲೆ ಕಾಣುವುದಿಲ್ಲ. ಹೆದರಬೇಡಿ. ಇಂಜಿನ್ ಬಿಸಿ ಆದ ಮೇಲೂ ಬಿಳಿ ಬರುತ್ತಿದ್ದರೆ, ಸಿಹಿ ವಾಸನೆ ಇದ್ದರೆ, ರೇಡಿಯೇಟರಿನ ನೀರು ಇಳಿಯುತ್ತಿದ್ದರೆ ಆ ನೀರು, ಅಂದರೆ ಕೂಲಂಟ್, ಸಿಲಿಂಡರಿನ ಒಳಗೆ ಹೋಗುತ್ತಿದೆ. ಹೆಡ್ ಗ್ಯಾಸ್ಕೆಟ್ ನೋಡಿ.

ಇಂಪಾಲಾದ ಹೊಗೆ ಈ ಯಾವುದೂ ಅಲ್ಲ. ಬಿಳಿ, ಆದರೆ ಹಬೆಯ ಹಾಗೆ ಗಾಳಿಯಲ್ಲಿ ಕರಗುವುದಿಲ್ಲ. ನೆಲ ಹಿಡಿದು ತೇಲುತ್ತದೆ. ಒಣಗಿದ ತೊಗರಿ ಕಟ್ಟಿಗೆ ಒಲೆಗೆ ಇಟ್ಟರೆ ಚಟಚಟ ಉರಿಯುತ್ತದೆ, ಹೊಗೆ ಕಡಿಮೆ. ಹಸಿ ಕಟ್ಟಿಗೆ ಇಟ್ಟರೆ ಕಣ್ಣು ಉರಿಸುವ ಹೊಗೆ ಮನೆಯೆಲ್ಲ ತುಂಬುತ್ತದಲ್ಲ, ಹಾಗೆ. ಮೂಗಿಗೆ ಸುಟ್ಟ ಎಣ್ಣೆಯ ಖಾರ. ನನ್ನ ಉಸ್ತಾದರು ಹೊಗೆಗೆ ಬಿಳಿ ಬಟ್ಟೆ ಹಿಡಿದು ಆಮೇಲೆ ಬಟ್ಟೆ ಮೂಸಿ ನೋಡುತ್ತಿದ್ದರು. ನೀವೂ ಹಾಗೇ ಮಾಡಿ. ಮುಖ ಸೈಲೆನ್ಸರಿನ ಹತ್ತಿರ ಒಯ್ಯಬೇಡಿ. ಮುಚ್ಚಿದ ಶೆಡ್ಡಿನಲ್ಲಂತೂ ಇಂಜಿನ್ ಓಡಿಸಲೇಬೇಡಿ. ವಾಸನೆ ಇಲ್ಲದ ವಿಷದ ಗಾಳಿ ಅದರಲ್ಲಿ ಇರುತ್ತದೆ.

ಸರಿ, ಅವತ್ತು ನಾನು ಕಣ್ಣು ಬಿಟ್ಟು ನೋಡಿದ್ದರೆ ಏನೇನು ಕಾಣುತ್ತಿತ್ತು? ಎಣ್ಣೆಯ ಮಟ್ಟ ನೋಡುವ ಕಡ್ಡಿ, ಇಂಜಿನ್ ಆಯಿಲ್ ಡಿಪ್‌ಸ್ಟಿಕ್, ಎತ್ತಿದ್ದರೆ ಸಾಕಿತ್ತು. ಮಟ್ಟ ಸ್ವಲ್ಪವೂ ಇಳಿದಿರಲಿಲ್ಲ. ಅಷ್ಟು ಹೊಗೆ ಬಿಡುವ ಗಾಡಿ ರಿಂಗಿನಿಂದ ಎಣ್ಣೆ ತಿನ್ನುತ್ತಿದ್ದರೆ ಇಂಜಿನ್ ಆಯಿಲ್ ಇಳಿಯಬೇಕು ಅಲ್ವಾ? ಇಳಿದದ್ದು ಗೇರ್ ಎಣ್ಣೆ. ಹೊಗೆ ಬಂದಾಗ ಯಾವ ಡಿಪ್‌ಸ್ಟಿಕ್ ಇಳಿಯುತ್ತಿದೆ ಅಂತ ನೋಡುವುದು ಮೊದಲ ಕೆಲಸ. ಬಣ್ಣ ಆಮೇಲೆ.

ಪ್ಲಗ್ಗುಗಳೂ ಹೇಳಿದ್ದವು. ಆರು ಪ್ಲಗ್ ಬಿಚ್ಚಿದಾಗ ಎರಡು ಮಾತ್ರ ಎಣ್ಣೆಯಲ್ಲಿ ಒದ್ದೆ ಇದ್ದವು. ಉಳಿದ ನಾಲ್ಕು ಚೆನ್ನಾಗಿ ಕಂದು ಬಣ್ಣಕ್ಕೆ ಇದ್ದವು. ಆ ಎರಡು ಸಿಲಿಂಡರಿನ ರಿಂಗು ಜಾಸ್ತಿ ಹೋಗಿದೆ ಅಂದುಕೊಂಡೆ. ಸಿಲಿಂಡರುಗಳಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿನಲ್ಲಿ ಆ ಎರಡು ಸಿಲಿಂಡರಿನ ಹತ್ತಿರ ಏನು ಬಂದು ಸೇರುತ್ತದೆ ಅಂತ ನೋಡಲಿಲ್ಲ. ಅಲ್ಲಿ ಒಂದು ಸಣ್ಣ ಪೈಪು ಬಂದು ಸೇರುತ್ತಿತ್ತು. ಅದನ್ನು ಹಿಡಿದು ಹಿಂದೆ ಹಿಂದೆ ಹೋಗಿದ್ದರೆ ಗೇರ್ ಬಾಕ್ಸಿಗೆ ತಲುಪುತ್ತಿದ್ದೆ.

ಇನ್ನು ಮೆರವಣಿಗೆ. ಮಾಲೀಕರು ಹೇಳಿದ್ದರು, ಹೆದ್ದಾರಿಯಲ್ಲಿ ಹೋದರೆ ಹೊಗೆ ಅಷ್ಟಿಲ್ಲ, ಮೆರವಣಿಗೆಯಲ್ಲಿ ಜಾಸ್ತಿ ಅಂತ. ಇದಕ್ಕೆ ಕಾರಣ ತಿಳಿಯಬೇಕಾದರೆ ಇಂಜಿನ್ ಹೇಗೆ ಉಸಿರು ಎಳೆಯುತ್ತದೆ ಅಂತ ನೋಡಬೇಕು.

ಪೆಟ್ರೋಲ್ ಇಂಜಿನಿನಲ್ಲಿ ಪಿಸ್ಟನ್ ಕೆಳಗೆ ಇಳಿಯುವಾಗ ಗಾಳಿ ಎಳೆಯುತ್ತದೆ. ಆದರೆ ರೇಸ್ ಕೊಡದಿದ್ದಾಗ ಗಾಳಿಯ ದಾರಿಯಲ್ಲಿರುವ ಥ್ರಾಟಲ್ ಬಾಗಿಲು ಮುಚ್ಚಿರುತ್ತದೆ. ಎಳನೀರಿನ ಸ್ಟ್ರಾ ತುದಿಗೆ ಬೆರಳು ಇಟ್ಟು ಎಳೆಯಿರಿ, ಕೆನ್ನೆ ಒಳಗೆ ಹೋಗುತ್ತದೆ. ಅದೇ ವ್ಯಾಕ್ಯೂಮು. ಐಡ್ಲಿಂಗಿನಲ್ಲಿ, ಕಾಲು ತೆಗೆದಾಗ ಈ ಎಳೆತ ಜೋರು. ಪೂರ್ತಿ ರೇಸ್ ಕೊಟ್ಟಾಗ ಬಾಗಿಲು ತೆರೆದುಕೊಳ್ಳುತ್ತದೆ, ಎಳೆತ ಹತ್ತಿರ ಹತ್ತಿರ ಸೊನ್ನೆ ಆಗುತ್ತದೆ. ಹಾಗಾಗಿ ನಿಂತು ನಿಂತು ಹೋಗುವ ಮೆರವಣಿಗೆಯಲ್ಲಿ ಇಂಜಿನ್ ತನಗೆ ಜೋಡಿಸಿದ ಪ್ರತಿ ಪೈಪಿನಿಂದಲೂ ಜೋರಾಗಿ ಹೀರುತ್ತಿರುತ್ತದೆ. ಇಷ್ಟನ್ನೇ ನಂಬಬೇಡಿ, ವಾಲ್ವ್ ಸೀಲ್ ಕೆಟ್ಟರೂ ಐಡ್ಲಿಂಗಿನಲ್ಲಿ ಹೊಗೆ ಬರುತ್ತದೆ. ಆದರೆ ಡಿಪ್‌ಸ್ಟಿಕ್ ಜೊತೆ ಇಟ್ಟು ನೋಡಿದರೆ ದಾರಿ ಕಾಣುತ್ತದೆ.

ಆ ಕಾಲದ ಅಮೆರಿಕದ ಇಂಜಿನಿಯರುಗಳು ಈ ಎಳೆತವನ್ನೇ ಬಳಸಿಕೊಂಡರು. ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆ ಒಂದು ವಿಷಯ ಗೊತ್ತಾಗಬೇಕು: ಇಂಜಿನ್ ಮೇಲೆ ಈಗ ಎಷ್ಟು ಭಾರ ಇದೆ? ಕಂಪ್ಯೂಟರ್ ಇಲ್ಲದ ಕಾಲ. ಅವರು ವ್ಯಾಕ್ಯೂಮ್ ಮಾಡ್ಯುಲೇಟರ್ ಅನ್ನುವ ಪುಟ್ಟ ಡಬ್ಬಿ ಮಾಡಿದರು. ಅಂಗೈಯಲ್ಲಿ ಹಿಡಿಯುವಷ್ಟು. ಒಳಗೆ ಡಯಾಫ್ರಾಮ್ ಅನ್ನುವ ಒಂದು ರಬ್ಬರ್ ಪೊರೆ, ಒಂದು ಸ್ಪ್ರಿಂಗು. ಒಂದು ಕಡೆ ಪೈಪಿನಿಂದ ಇಂಜಿನ್ ಮ್ಯಾನಿಫೋಲ್ಡಿನ ಎಳೆತ. ಇನ್ನೊಂದು ಕಡೆ ಗೇರ್ ಬಾಕ್ಸು. ಮೆಲ್ಲಗೆ ಹೋಗುವಾಗ ಎಳೆತ ಜಾಸ್ತಿ, ಡಯಾಫ್ರಾಮ್ ಹಿಂದಕ್ಕೆ ಸರಿಯುತ್ತದೆ, ಎಣ್ಣೆಯ ಒತ್ತಡ ಕಡಿಮೆ ಆಗುತ್ತದೆ, ಗೇರ್ ಬೇಗ, ಮೆತ್ತಗೆ ಬೀಳುತ್ತದೆ. ಜೋರು ರೇಸ್ ಕೊಟ್ಟಾಗ ಎಳೆತ ಹೋಗುತ್ತದೆ, ಸ್ಪ್ರಿಂಗ್ ಮುಂದೆ ತಳ್ಳುತ್ತದೆ, ಒತ್ತಡ ಏರುತ್ತದೆ, ಗೇರ್ ತಡವಾಗಿ, ಗಟ್ಟಿಯಾಗಿ ಬೀಳುತ್ತದೆ. ಎಷ್ಟು ಸರಳ ನೋಡಿ. ನನಗೆ ಈ ಡಬ್ಬಿಯ ಮೇಲೆ ಪ್ರೀತಿ ಇದೆ, ಅಷ್ಟು ತೊಂದರೆ ಕೊಟ್ಟರೂ.

1962ರಿಂದ ಬಂದ ಅಲ್ಯೂಮಿನಿಯಂ ಪವರ್‌ಗ್ಲೈಡಿನಲ್ಲಿ ಇದಿದೆ. ಜನರಲ್ ಮೋಟಾರ್ಸಿನ ಟರ್ಬೊ 400 ಮತ್ತು 350, ಫೋರ್ಡಿನ ಸಿ4, ಸಿ6 ಗೇರ್ ಬಾಕ್ಸುಗಳಲ್ಲೂ ಇದೆ. ಮರ್ಸಿಡಿಸ್ ಡಬ್ಲ್ಯು123 ಆಟೋಮ್ಯಾಟಿಕ್‌ನಲ್ಲೂ ಇದೆ. ಕ್ರೈಸ್ಲರಿನ ಟಾರ್ಕ್‌ಫ್ಲೈಟಿನಲ್ಲಿ ಇಲ್ಲ, ಅದು ಥ್ರಾಟಲಿನಿಂದ ಬರುವ ಕಡ್ಡಿಯಿಂದ ಕೆಲಸ ಮಾಡುತ್ತದೆ. ಹಾಗಾಗಿ ಮೊದಲು ನಿಮ್ಮ ಗಾಡಿಯಲ್ಲಿ ಈ ಡಬ್ಬಿ ಇದೆಯೋ ಇಲ್ಲವೋ ಅಂತ ಬಗ್ಗಿ ನೋಡಿ.

ಆ ಡಯಾಫ್ರಾಮ್ ಹರಿದರೆ ಏನಾಗುತ್ತದೆ? ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ಎಳೆತ, ನಡುವೆ ಇದ್ದ ಗೋಡೆಗೆ ತೂತು. ಇಂಜಿನ್ ಸ್ಟ್ರಾ ಹಾಕಿಕೊಂಡು ಗೇರ್ ಎಣ್ಣೆ ಕುಡಿಯುತ್ತದೆ. ಕುಡಿದದ್ದು ಸಿಲಿಂಡರಿನಲ್ಲಿ ಅರೆಬರೆ ಉರಿದು ಬಿಳಿ ಹೊಗೆಯಾಗಿ ಹೊರಗೆ ಬರುತ್ತದೆ. ನೆಲದ ಮೇಲೆ ಒಂದು ಹನಿಯೂ ಬೀಳುವುದಿಲ್ಲ. ಜೊತೆಗೆ ಡಬ್ಬಿಗೆ ಎಳೆತ ಸರಿಯಾಗಿ ಸಿಗದ ಕಾರಣ ಗೇರ್ ತಡವಾಗಿ ಧಡ್ ಅಂತ ಬೀಳುತ್ತದೆ. ಇಂಪಾಲಾದಲ್ಲಿ ಅದೂ ಇತ್ತು. ಹಳೇ ಗಾಡಿ, ಹಾಗೇ ಇರುತ್ತದೆ ಅಂತ ಬಿಟ್ಟಿದ್ದೆ.

ನಮ್ಮ ಊರಿನಲ್ಲಿ ಈ ರಬ್ಬರ್ ಯಾಕೆ ಬೇಗ ಹೋಗುತ್ತದೆ ಗೊತ್ತಾ? ಮೇ ತಿಂಗಳಲ್ಲಿ 42, 43 ಡಿಗ್ರಿ ಬಿಸಿಲು. ತಗಡಿನ ಶೆಡ್ಡಿನ ಒಳಗೆ ಇನ್ನೂ ಜಾಸ್ತಿ. ಗಾಡಿ ಓಡುವುದು ವರ್ಷಕ್ಕೆ ಕೆಲವೇ ದಿನ. ನಿಂತ ರಬ್ಬರ್ ಗಟ್ಟಿಯಾಗುತ್ತದೆ. ಒಂದು ದಿನ ಮದುವೆಗೆ ಅಂತ ತೆಗೆದು ಬಗ್ಗಿಸಿದಾಗ ಸೀಳುತ್ತದೆ. ದಿನಾ ಓಡುವ ಗಾಡಿಗಿಂತ ನಿಂತ ಗಾಡಿಗೇ ಇದು ಜಾಸ್ತಿ ಬರುವುದನ್ನು ನಾನು ಕಂಡಿದ್ದೇನೆ.

ಪರೀಕ್ಷೆ ಮಾಡುವುದು ಹೇಗೆ? ಇಂಜಿನ್ ಆಫ್ ಮಾಡಿ. ಗಾಡಿ ಎತ್ತಿ ಸ್ಟ್ಯಾಂಡಿನ ಮೇಲೆ ಇಡಿ. ಬರೀ ಜ್ಯಾಕಿನ ಮೇಲೆ, ಇಟ್ಟಿಗೆಯ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ಹೋಗಬೇಡಿ ಹುಡುಗರೇ, ನಿಮಗೆ ಕೈಮುಗಿದು ಹೇಳುತ್ತೇನೆ. ಸೈಲೆನ್ಸರ್ ಪೈಪ್ ತಣ್ಣಗಾಗಲಿ. ಆಮೇಲೆ ಮಾಡ್ಯುಲೇಟರಿನಿಂದ ರಬ್ಬರ್ ಹೋಸ್ ಎಳೆದು ತೆಗೆಯಿರಿ. ಹೋಸಿನ ಬಾಯಿಗೆ ಬಿಳಿ ಬಟ್ಟೆ ಒತ್ತಿ ನೋಡಿ. ಒಣಗಿರಬೇಕು. ಕೆಂಪು ಎಣ್ಣೆ ಹತ್ತಿದರೆ ಡಯಾಫ್ರಾಮ್ ಹರಿದಿದೆ, ಅಷ್ಟೇ. ಎರಡು ನಿಮಿಷದ ಕೆಲಸ. ನಾನು ಮಾಡದೆ ಬಿಟ್ಟದ್ದು ಇದೇ ಎರಡು ನಿಮಿಷ.

ಕೆಂಪು ಅಂದೆ. ಆಟೋಮ್ಯಾಟಿಕ್ ಎಣ್ಣೆ, ಎಟಿಎಫ್ ಅಂತೀವಲ್ಲ, ಅದಕ್ಕೆ ಕೆಂಪು ಬಣ್ಣ ಬೇಕೆಂತಲೇ ಹಾಕಿರುತ್ತಾರೆ, ಇಂಜಿನ್ ಆಯಿಲಿನಿಂದ ಬೇರೆ ಅಂತ ಗುರುತು ಸಿಗಲಿ ಎಂದು. ಹಳೆಯದಾದರೆ ಕಂದಾಗುತ್ತದೆ. ಇಲ್ಲೇ ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. 1970ರ ದಶಕದ ಆರಂಭದವರೆಗೆ ಅಮೆರಿಕದ ಎಟಿಎಫ್‌ನಲ್ಲಿ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಗೇರ್ ಮೆತ್ತಗೆ ಬೀಳಲು ಅದಕ್ಕಿಂತ ಒಳ್ಳೆಯದು ಆಗ ಸಿಕ್ಕಿರಲಿಲ್ಲ. ತಿಮಿಂಗಿಲ ಅಳಿಯುತ್ತಿದೆ ಅಂತ ಅಲ್ಲಿನ ಸರಕಾರ ನಿಲ್ಲಿಸಿತು, ಕಂಪನಿಗಳು ಬೇರೆ ರಾಸಾಯನಿಕ ಹುಡುಕಬೇಕಾಯಿತು. ಒಂದು ಗಾಡಿಯ ಗೇರ್ ಮೆತ್ತಗೆ ಬೀಳಲು ಸಮುದ್ರದಲ್ಲಿ ಒಂದು ಪ್ರಾಣಿ ಸಾಯುತ್ತಿತ್ತು. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಮತ್ತೆ ಕೆಲಸಕ್ಕೆ ಬರೋಣ. ಕೈ ವ್ಯಾಕ್ಯೂಮ್ ಪಂಪ್ ಇದ್ದರೆ ಮಾಡ್ಯುಲೇಟರಿಗೆ ಜೋಡಿಸಿ 15ರಿಂದ 20 ಇಂಚಿನವರೆಗೆ ಎಳೆಯಿರಿ (ಎಳೆತವನ್ನು ಪಾದರಸದ ಇಂಚಿನಲ್ಲಿ ಅಳೆಯುತ್ತಾರೆ). ಮುಳ್ಳು ಅಲ್ಲೇ ನಿಲ್ಲಬೇಕು. ಇಳಿದರೆ ಡಬ್ಬಿ ಹೋಗಿದೆ. ಕಂಪ್ರೆಸರ್ ಗಾಳಿ ಮಾತ್ರ ಹಾಕಬೇಡಿ, ಒಳ್ಳೆ ಡಯಾಫ್ರಾಮ್ ಕೂಡ ಹರಿದು ಹೋಗುತ್ತದೆ. ಇಂಜಿನಿನ ಎಳೆತವನ್ನೂ ಗೇಜ್ ಹಾಕಿ ನೋಡಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಅಮೆರಿಕದ ಪುಸ್ತಕದಲ್ಲಿ ಐಡ್ಲಿಂಗಿಗೆ 17ರಿಂದ 22 ಇಂಚು ಅಂತ ಇರುತ್ತದೆ. ಅದು ಸಮುದ್ರ ಮಟ್ಟದ ಲೆಕ್ಕ. ಪ್ರತಿ ಸಾವಿರ ಅಡಿ ಏರಿದರೆ ಸುಮಾರು ಒಂದು ಇಂಚು ಕಡಿಮೆ ತೋರಿಸುತ್ತದೆ. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 1,500 ಅಡಿ ಮೇಲಿದೆ. ಅಂದರೆ ಇಲ್ಲಿ ಒಂದೂವರೆ ಇಂಚು ಕಡಿಮೆ ಬಂದರೆ ಅದು ರೋಗ ಅಲ್ಲ. ಬೀದರಿನಲ್ಲಿ ಇನ್ನೂ ಸ್ವಲ್ಪ ಕಡಿಮೆ.

ಪಂಪ್ ಇಲ್ಲ ಅಂದರೆ ಇನ್ನೊಂದು ದಾರಿ. ಹೋಸ್ ತೆಗೆದು ಮ್ಯಾನಿಫೋಲ್ಡ್ ಕಡೆಯ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿ. ಡಬ್ಬಿಯ ನಿಪ್ಪಲನ್ನೂ ಮುಚ್ಚಿ, ಇಲ್ಲದಿದ್ದರೆ ಎಣ್ಣೆ ಅಲ್ಲಿಂದ ಸುರಿಯುತ್ತದೆ. ಇಂಜಿನ್ ಓಡಿಸಿ. ಸ್ವಲ್ಪ ಹೊತ್ತಿನಲ್ಲಿ ಹೊಗೆ ಕಡಿಮೆ ಆಗುತ್ತಾ ಬಂದರೆ ಕಳ್ಳ ಸಿಕ್ಕ ಹಾಗೆ. ತಕ್ಷಣ ನಿಲ್ಲುವುದಿಲ್ಲ, ಅದನ್ನು ನೆನಪಿಡಿ. ಸೈಲೆನ್ಸರಿನ ಒಳಗೆ ಕುಳಿತ ಎಣ್ಣೆ ಉರಿದು ಮುಗಿಯಬೇಕು. ಹೊಸ ಮಾಡ್ಯುಲೇಟರ್ ಹಾಕಿದ ಮೇಲೂ ಮೊದಲ ಓಟದಲ್ಲಿ ಹೊಗೆ ಬರುತ್ತದೆ. ಮಾಲೀಕರಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಅವರ ಎದೆ ಒಡೆಯುತ್ತದೆ.

ಡಬ್ಬಿ ಬದಲಿಸುವುದು ಕಷ್ಟ ಇಲ್ಲ. ಪವರ್‌ಗ್ಲೈಡಿನಲ್ಲಿ ತಿರುಗಿಸಿ ಬಿಚ್ಚುವುದು, ಟರ್ಬೊ 350, 400ರಲ್ಲಿ ಒಂದು ಬೋಲ್ಟು, ಒಂದು ಕ್ಲಾಂಪು. ಕೆಳಗೆ ತಟ್ಟೆ ಇಡಿ, ಸ್ವಲ್ಪ ಎಣ್ಣೆ ಬೀಳುತ್ತದೆ. ಒಳಗಿನ ಸಣ್ಣ ಕಡ್ಡಿ, ವಾಲ್ವು ಜಾರಿ ಬೀಳಬಹುದು, ಕಳೆಯಬೇಡಿ. ಸೀಲು ಹೊಸದು ಹಾಕಿ. ಹೋಸೂ ಹೊಸದು ಹಾಕಿ, ಆದರೆ ವ್ಯಾಕ್ಯೂಮ್ ಹೋಸೇ ಬೇಕು. ನೀರಿನ ಪೈಪ್ ತುಂಡು ಹಾಕಿದರೆ ಬಿಸಿಗೆ ಮೆತ್ತಗಾಗಿ ಎಳೆತಕ್ಕೆ ಚಪ್ಪಟೆ ಆಗುತ್ತದೆ, ಮತ್ತೆ ಗೇರ್ ಧಡ್ ಅನ್ನುತ್ತದೆ. ಎಣ್ಣೆ ತುಂಬುವಾಗ ಗಾಡಿ ಬಿಸಿ ಇರಬೇಕು, ಸಮ ನೆಲದಲ್ಲಿ ಇಂಜಿನ್ ಓಡುತ್ತಿರಬೇಕು. ಕೆಲವು ಗಾಡಿಗೆ ಪಾರ್ಕ್, ಕೆಲವಕ್ಕೆ ನ್ಯೂಟ್ರಲ್, ಪುಸ್ತಕ ನೋಡಿ. ಇಂಜಿನ್ ಆಫ್ ಮಾಡಿ ನೋಡಿದರೆ ಮಟ್ಟ ಜಾಸ್ತಿ ಕಾಣುತ್ತದೆ, ಮೋಸ ಹೋಗುತ್ತೀರಿ. ಅತಿಯಾಗಿ ತುಂಬಿದರೂ ನೊರೆ ಎದ್ದು ಗೇರ್ ಬಾಕ್ಸಿನ ಗಾಳಿ ಕಿಂಡಿಯಿಂದ, ಅಂದರೆ ಬ್ರೀದರಿನಿಂದ, ಉಕ್ಕಿ ಬಿಸಿ ಪೈಪಿನ ಮೇಲೆ ಬೀಳುತ್ತದೆ. ಆಗ ಹೊಗೆ ಸೈಲೆನ್ಸರಿನ ಬಾಯಿಂದ ಅಲ್ಲ, ಗಾಡಿಯ ಹೊಟ್ಟೆಯಿಂದ ಬರುತ್ತದೆ. ಬೆಂಕಿಯೂ ಹತ್ತಬಹುದು.

ನಿಜವಾದ ಸೋರಿಕೆ ಇದೆಯೋ ಇಲ್ಲವೋ ತಿಳಿಯುವುದು ಹೇಗೆ ಅಂತ ಕೇಳಿದಿರಿ. ನಮ್ಮ ಮನೆಗಳ ಅಂಗಳದಲ್ಲಿ ಶಹಾಬಾದ್ ಫರಸಿ ಇರುತ್ತದೆ. ಆ ಬೂದು ಕಲ್ಲಿನ ಮೇಲೆ ಯಾವ ಎಣ್ಣೆ ಬಿದ್ದರೂ ಒಂದೇ ಥರ ಕಪ್ಪು ಕಲೆ. ಅದಕ್ಕೇ ರಾತ್ರಿ ಒಂದು ರಟ್ಟಿನ ಡಬ್ಬ ಬಿಚ್ಚಿ ಗಾಡಿ ಕೆಳಗೆ ಹಾಸಿ. ಮುಂದಿನ ಗಾಲಿ ಎಲ್ಲಿ ಅಂತ ಪೆನ್ನಿನಲ್ಲಿ ಗುರುತು ಹಾಕಿ. ಬೆಳಗ್ಗೆ ಎಲ್ಲಿ, ಯಾವ ಬಣ್ಣ ಅಂತ ಗೊತ್ತಾಗುತ್ತದೆ. ರಟ್ಟು ಒಣಗಿದ್ದು ಎಣ್ಣೆ ಇಳಿದಿದ್ದರೆ, ಯಾರೋ ಕುಡಿಯುತ್ತಿದ್ದಾರೆ.

ಕುಡಿಯುವ ಜಾಗ ಇದೊಂದೇ ಅಲ್ಲ. ಸರ್ವೋ ಬ್ರೇಕ್ ಇರುವ ಪೆಟ್ರೋಲ್ ಗಾಡಿಯಲ್ಲಿ ಬ್ರೇಕಿಗೆ ಬಲ ಕೊಡುವ ಬೂಸ್ಟರಿಗೂ ಮ್ಯಾನಿಫೋಲ್ಡಿನಿಂದ ಪೈಪ್ ಹೋಗಿರುತ್ತದೆ. ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಹೋದರೆ ಬ್ರೇಕ್ ಎಣ್ಣೆ ಬೂಸ್ಟರಿಗೆ ಇಳಿಯುತ್ತದೆ, ಅಲ್ಲಿಂದ ಇಂಜಿನಿಗೆ. ಬಿಳಿ ಹೊಗೆ, ನೆಲ ಒಣ, ಬ್ರೇಕ್ ಎಣ್ಣೆ ಮಾಯ. ಇದು ಹೊಗೆಯ ಪ್ರಶ್ನೆ ಅಲ್ಲ, ಜೀವದ ಪ್ರಶ್ನೆ. ಅಂಥ ಗಾಡಿಯನ್ನು ಆ ದಿನವೇ ನಿಲ್ಲಿಸಿ.

ಡೀಸೆಲ್ ಮರ್ಸಿಡಿಸ್ ಇರುವವರು ಇಲ್ಲಿ ಇದ್ದೀರಿ. ನಿಮ್ಮದು ಬೇರೆ ಕತೆ. ಡೀಸೆಲ್ ಮ್ಯಾನಿಫೋಲ್ಡಿನಲ್ಲಿ ಅಂಥ ಎಳೆತ ಇಲ್ಲ, ಬೇರೆ ವ್ಯಾಕ್ಯೂಮ್ ಪಂಪ್ ಇರುತ್ತದೆ. ಆ ಪಂಪ್ ಎಳೆದದ್ದನ್ನು ಇಂಜಿನ್ ಆಯಿಲ್ ಇರುವ ಚೇಂಬರಿನ ಒಳಗೆ ಬಿಡುತ್ತದೆ. ಹಾಗಾಗಿ ಮಾಡ್ಯುಲೇಟರ್ ಹರಿದರೆ ಹೊಗೆ ಕಾಣದೇ ಇರಬಹುದು. ಗೇರ್ ಎಣ್ಣೆ ಇಳಿಯುತ್ತದೆ, ಇಂಜಿನ್ ಆಯಿಲ್ ಏರುತ್ತದೆ. ಇಂಜಿನ್ ಆಯಿಲ್ ತಾನಾಗಿ ಜಾಸ್ತಿ ಆದರೆ ಖುಷಿ ಪಡಬೇಡಿ.

ಇನ್ನೊಂದು ಇದೆ. ಬಹಳ ಆಟೋಮ್ಯಾಟಿಕ್ ಗಾಡಿಗಳಲ್ಲಿ ಗೇರ್ ಎಣ್ಣೆ ತಣ್ಣಗಾಗಲು ರೇಡಿಯೇಟರಿನ ಒಳಗೇ ಒಂದು ಕೊಳವೆ ಇರುತ್ತದೆ. ಅದು ತೂತಾದರೆ ನೀರು, ಎಣ್ಣೆ ಬೆರೆಯುತ್ತವೆ. ರೇಡಿಯೇಟರ್ ಮುಚ್ಚಳ ತೆಗೆದರೆ ರೋಸ್ ಮಿಲ್ಕ್ ಥರ ಕಾಣುತ್ತದೆ. ಗಾಡಿ ಓಡಿಸಬೇಡಿ, ನೀರು ಸೇರಿದ ಎಣ್ಣೆ ಗೇರ್ ಬಾಕ್ಸಿನ ಕ್ಲಚ್ ಪ್ಲೇಟಿನ ಅಂಟನ್ನೇ ಬಿಡಿಸಿಬಿಡುತ್ತದೆ.

ಅಂಬಾಸಿಡರ್, ಫಿಯಟ್ ಇರುವ ಹುಡುಗ ಕೇಳಿದ, ನಮ್ಮ ಗಾಡಿಗೆ ಇದೆಲ್ಲ ಬರುತ್ತದಾ ಅಂತ. ನಿಮ್ಮದು ಕೈ ಗೇರು, ಮಾಡ್ಯುಲೇಟರ್ ಇಲ್ಲ. ನಿಮ್ಮ ಗೇರ್ ಆಯಿಲ್ ಇಳಿದರೆ ಅದು ಸೀಲಿನಿಂದಲೇ ಸೋರುತ್ತಿದೆ, ರಟ್ಟು ಹಾಸಿ ನೋಡಿ ಸಾಕು. ಆದರೆ ಹೊಗೆ ಬಂದಾಗ ಮ್ಯಾನಿಫೋಲ್ಡಿಗೆ ಬಂದು ಸೇರುವ ಪೈಪುಗಳನ್ನು ಒಂದೊಂದಾಗಿ ತೆಗೆದು ಮೂಸುವುದು ನಿಮಗೂ ಬೇಕು.

ಇಂಪಾಲಾಕ್ಕೆ ಕೊನೆಗೆ ಹೊಸ ಮಾಡ್ಯುಲೇಟರ್ ತರಿಸಿ ಹಾಕಿದೆ. ಹಾಕಿ ನಾನೇ ಸೇಡಂ ರಸ್ತೆಯಲ್ಲಿ ಓಡಿಸಿದೆ. ಊರು ದಾಟುವವರೆಗೆ ಹೊಗೆ ಬಂತು, ಆಮೇಲೆ ತೆಳುವಾಯಿತು, ವಾಪಸ್ ಬರುವಾಗ ಕನ್ನಡಿಯಲ್ಲಿ ಬರೀ ರಸ್ತೆ ಕಾಣುತ್ತಿತ್ತು. ಹಳೇ ಡಬ್ಬಿಯನ್ನು ಗರಗಸದಲ್ಲಿ ಕೊಯ್ದು ಇಟ್ಟುಕೊಂಡಿದ್ದೇನೆ. ಇಲ್ಲೇ ಇದೆ, ಒಬ್ಬರಿಂದ ಒಬ್ಬರಿಗೆ ಕೊಡಿ. ಡಯಾಫ್ರಾಮ್ ಸುಮ್ನೆ ಹಿಡಿದರೆ ಸೀಳು ಕಾಣುವುದಿಲ್ಲ, ಮುಚ್ಚಿಕೊಳ್ಳುತ್ತದೆ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಬೆಳಕಿಗೆ ಹಿಡಿದು ನೋಡಿ. ಅಂಚಿನ ಹತ್ತಿರ, ಉಗುರಿನ ಅರ್ಧದಷ್ಟು ಉದ್ದ.